ನಾನು ಹಾಕಿದ ಎಚ್ಚರಿಕೆಗಳು

ನಗಿಸುವ ಚಟ ಹತ್ತಿದವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಾಗುವುದಿಲ್ಲ. ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ಹೊನ್ನಾಳಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ರವಿಕೆ ಹೊಲಿಯುವ ಅಂಗಡಿಯಿದೆ. ಹೊಲಿಗೆ ನನ್ನ ಕಸುಬು, ಬರವಣಿಗೆ ಕದ್ದುಮುಚ್ಚಿ ಮಾಡುವ ಕೆಲಸ. ಟಿವಿ ಧಾರಾವಾಹಿಗಳ ಪಾತ್ರಗಳನ್ನು ಎತ್ತಿಕೊಂಡು, ಅವರ ಮುಂದಿನ ಬದುಕನ್ನು ನಮಗೆ ಬೇಕಾದ ಹಾಗೆ ಬರೆದು ಒಬ್ಬರಿಗೊಬ್ಬರು ಓದಿಸುವ ಗುಂಪೊಂದು ಅಂತರ್ಜಾಲದಲ್ಲಿದೆ. ಫ್ಯಾನ್ ಫಿಕ್ಷನ್ ಅನ್ನುತ್ತಾರೆ. ನಾನು ಅದರ ಸದಸ್ಯೆ. ಒಂದು ಧಾರಾವಾಹಿಯಲ್ಲಿ ಕಿರಿಸೊಸೆಯನ್ನು ಹೆರಿಗೆಗೆಂದು ತವರಿಗೆ ಕಳಿಸಿದವರು ಆಮೇಲೆ ಅವಳನ್ನು ಮರೆತೇಬಿಟ್ಟರು. ಹೆತ್ತಳೋ ಬಿಟ್ಟಳೋ ಯಾರೂ ವಿಚಾರಿಸಲಿಲ್ಲ. ನನಗೆ ಕರುಳು ಚುರುಕ್ಕೆಂದು, ಅವಳನ್ನು ಬಸುರಿಯಾಗಿಯೇ ಅತ್ತೆಮನೆಗೆ ವಾಪಸ್ ಕರೆತಂದು ಕಥೆಯನ್ನು ನಾನೇ ಮುಂದುವರಿಸಿದೆ. ಗಿರಾಕಿಗಳು ಬಂದು ರವಿಕೆ ಆಯಿತೇ ಎಂದು ಕೇಳಿದರೆ ಹುಕ್ಕು ಒಂದು ಬಾಕಿ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಬಟ್ಟೆಯನ್ನೇ ಕತ್ತರಿಸಿರುತ್ತಿರಲಿಲ್ಲ.

ಈ ಗುಂಪನ್ನು ನೋಡಿಕೊಳ್ಳುವವಳು ನ್ಯಾಮತಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಸ್ಮಿತಾ. ಅವಳದೊಂದು ನಿಯಮ. ಕಥೆಯಲ್ಲಿ ಸಾವು, ಹೊಡೆತ, ಗರ್ಭ ಹೋಗುವುದು ಇಂಥದ್ದೇನಾದರೂ ಇದ್ದರೆ ಅಧ್ಯಾಯದ ಮೇಲೆ ಮೊದಲೇ ಎಚ್ಚರಿಕೆ ಬರೆದು ಬೀಗ ಹಾಕಬೇಕು. ‘ಗೊತ್ತಿದೆ, ತೆರೆಯಿರಿ’ ಎಂಬ ಗುಂಡಿ ಒತ್ತಿದವರಿಗೆ ಮಾತ್ರ ಕಥೆ ಕಾಣುತ್ತದೆ. ನನಗೆ ನಗು ತಡೆಯಲಾಗಲಿಲ್ಲ. ಸೊಸೆ ಸಾರು ಮಾಡುವ ಅಧ್ಯಾಯಕ್ಕೆ ಬೀಗ ಜಡಿದು, ‘ಎಚ್ಚರಿಕೆ: ಇದರಲ್ಲಿ ಅತ್ತೆ ಸಾರಿನ ರುಚಿ ನೋಡುತ್ತಾರೆ, ಎದೆ ಗಟ್ಟಿ ಇದ್ದವರು ಮಾತ್ರ ಓದಿ’ ಎಂದು ಬರೆದೆ. ಮುಂದಿನದಕ್ಕೆ, ‘ಎಚ್ಚರಿಕೆ: ನಾದಿನಿ ಹದಿನೈದು ದಿನ ಇರಲು ಬಂದಿದ್ದಾಳೆ.’ ಓದುಗರು ಕಥೆಗಿಂತ ಎಚ್ಚರಿಕೆಗೇ ಕಾಯತೊಡಗಿದರು. ಸ್ಮಿತಾ ಫೋನ್ ಮಾಡಿ, “ಅಕ್ಕಾ, ಅದು ಆಟಕ್ಕೆ ಇಟ್ಟಿದ್ದಲ್ಲ ಕಣ್ರಿ. ಯಾರ ಮನಸ್ಸಿನಾಗೆ ಏನೈತೋ ನಮಗೇನು ಗೊತ್ತು?” ಅಂದಳು. “ಓದಿ ಅಳೋರು ಅಳ್ಲಿ ಬಿಡವ್ವ, ಕಥೆ ಇರೋದೇ ಅದಕ್ಕೆ” ಅಂದೆ. ಎಂಥ ದೊಡ್ಡ ಮಾತು. ಆಡುವಾಗ ನನಗೇ ಹೆಮ್ಮೆಯಾಗಿತ್ತು.

ಹಾಗೆಂದು ಎಚ್ಚರಿಕೆ ಅಂದರೇನೆಂದು ನನಗೆ ತಿಳಿಯದೇ ಇರಲಿಲ್ಲ. ಕತ್ತಲಗೆರೆಯಲ್ಲಿದ್ದ ನನ್ನ ಸೋದರಮಾವ ತೀರಿಕೊಂಡ ದಿನ ಅವರ ಮಗ ಫೋನಿನಲ್ಲಿ, “ಅಪ್ಪಂಗೆ ಸ್ವಲ್ಪ ಹುಷಾರಿಲ್ಲ. ಗಾಬರಿ ಆಗಬ್ಯಾಡ, ಒಂದು ತುತ್ತು ಉಂಡ್ಕಂಡೇ ಬಾ” ಎಂದಿದ್ದ. ಉಂಡುಕೊಂಡು ಬಾ ಅಂದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಕಡೆ ಸಾವನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಬಸ್ಸಿನಲ್ಲೇ ಅತ್ತು ಮುಗಿಸಿದ್ದರಿಂದ, ಹೋಗಿ ಅತ್ತೆಯನ್ನು ಹಿಡಿದುಕೊಳ್ಳುವಷ್ಟು ಶಕ್ತಿ ಉಳಿದಿತ್ತು. ಇದೆಲ್ಲ ಬಲ್ಲ ನಾನು ಸ್ಮಿತಾಳ ನಿಯಮವನ್ನು ಮಾತ್ರ ಓದಿದವರ ಸೋಗು ಅಂದುಕೊಂಡೆ.

ನನ್ನ ಕಥೆಯನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವರು ಜಗಳೂರು ಕಡೆಯ ಸೊಕ್ಕೆಯ ಗಿರಿಜಮ್ಮ. ಅಂಗನವಾಡಿಯಲ್ಲಿ ಕೆಲಸ. ಅವರ ಮುಖ ನಾನು ನೋಡಿಲ್ಲ. ಆದರೆ ಅವರ ಮಾತು ಬರದಿದ್ದರೆ ನನಗೆ ಅಂದು ಮಷಿನ್ ತುಳಿಯಲು ಮನಸ್ಸಾಗುತ್ತಿರಲಿಲ್ಲ. “ಚಲೋ ಐತೆ ಅಕ್ಕ. ಆ ಹುಡುಗಿಗೆ ಈಗ ಏಳು ತಿಂಗಳು, ಬಿಂದಿಗೆ ಎತ್ತಿಸಬ್ಯಾಡ್ರಿ” ಎಂದು ಬರೆಯುತ್ತಿದ್ದರು. ನಾನು ಎತ್ತಿಸುತ್ತಿರಲಿಲ್ಲ. ಆಮೇಲೊಂದು ದಿನ ಬರೀ ನಗಿಸುತ್ತಾ ಹೋದರೆ ನನ್ನನ್ನು ಲೇಖಕಿ ಎಂದು ಯಾರು ಒಪ್ಪುತ್ತಾರೆ ಎಂಬ ಯೋಚನೆ ಬಂತು. ಕಥೆಗೆ ತೂಕ ಬರಲಿ ಎಂದು, ಆ ಹುಡುಗಿಯ ಹೊಟ್ಟೆಯಲ್ಲಿದ್ದ ಕೂಸನ್ನು ಸಾಯಿಸಿದೆ. ಎಷ್ಟಾದರೂ ಸಾವಲ್ಲವೇ ಎಂದು, ಅಂದು ಮಾತ್ರ ತಮಾಷೆ ಬಿಟ್ಟು, ‘ಎಚ್ಚರಿಕೆ: ಈ ಅಧ್ಯಾಯದಲ್ಲಿ ಮಗು ಉಳಿಯುವುದಿಲ್ಲ’ ಎಂದು ಬರೆದು ಬೀಗ ಹಾಕಿದೆ. ಅದು ನಾನು ಬರೆದ ಒಂದೇ ಒಂದು ನಿಜವಾದ ಎಚ್ಚರಿಕೆ. ಅದರ ಕೆಳಗೂ ಅಭ್ಯಾಸದಂತೆ ನಗುವ ಮುಖಗಳು ಸಾಲಾಗಿ ಬಂದು ಕೂತವು.

ಗಿರಿಜಮ್ಮನವರಿಂದ ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ನನಗೊಬ್ಬಳಿಗೇ ಬರೆದರು: “ಅಕ್ಕ, ನಿಮ್ಮ ತಮಾಷೆ ಅಂದ್ಕಂಡು ನಗ್ತಾನೇ ಗುಂಡಿ ಒತ್ತಿದೆ. ನಂಗೂ ಏಳು ತಿಂಗಳಿಗೆ ಹಿಂಗೇ ಒಂದು ಹೋಗಿತ್ತು. ಇಪ್ಪತ್ತು ವರ್ಷದ ಮೇಲಾತು. ಮೊದಲೇ ಗೊತ್ತಾಗಿದ್ರೆ ತೆಗೀತಿರಲಿಲ್ಲ. ನೀವು ನಿಜ ಹೇಳಿದ್ರೆ ನಮಗೆ ತಿಳಿಯೋದು ಹೆಂಗ್ರಿ? ಇನ್ನ ಓದಾಕೆ ಆಗಲ್ಲ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಸಾರಿನ ಬೀಗ, ನಾದಿನಿಯ ಬೀಗ ಎಲ್ಲವನ್ನೂ ಕುಳಿತು ತೆಗೆದೆ. ತಮಾಷೆಯ ಎಚ್ಚರಿಕೆಗಳು ಹೋದ ಮೇಲೆ ಅರ್ಧ ಓದುಗರೂ ಹೋದರು. ಅವರಿಗೆ ಬೇಕಾದದ್ದು ನನ್ನ ಕಥೆಯಲ್ಲ ಎಂಬುದೂ ಆಗ ತಿಳಿಯಿತು. ಗಿರಿಜಮ್ಮನವರಿಗೆ ಕ್ಷಮೆ ಕೇಳಿ ಉದ್ದಕ್ಕೆ ಬರೆದೆ. ಓದಿ ನೋಡಿದರೆ ನಾಲ್ಕನೆಯ ಸಾಲಿನಲ್ಲೇ ಒಂದು ತಮಾಷೆ ನುಸುಳಿತ್ತು. ಅಳಿಸಿ ಮತ್ತೆ ಬರೆದೆ. ಈ ಸಲ ದರ್ಜಿಯವರ ಬುದ್ಧಿಯ ಮೇಲೊಂದು ಚಟಾಕಿ ಸೇರಿಕೊಂಡಿತ್ತು. ಅದನ್ನೂ ಅಳಿಸಿದೆ. ನಗುವಂಥದ್ದನ್ನೆಲ್ಲ ತೆಗೆಯುತ್ತಾ ಹೋದರೆ ಕೊನೆಗೆ ಉಳಿದದ್ದು ಇಷ್ಟೇ: ‘ಗಿರಿಜಮ್ಮನವರೇ, ನಿಮ್ಮನ್ನು ನೋಯಿಸಿದೆ. ತಪ್ಪಾಯಿತು.’ ಅದನ್ನೇ ಕಳಿಸಿದೆ.

ನಾಲ್ಕು ದಿನ ಬಿಟ್ಟು ಉತ್ತರ ಬಂತು. “ಓದಿದೆ ಅಕ್ಕ. ಇದು ನೀವೇ ಬರೆದಿದ್ದಾ, ಇಲ್ಲ ಸ್ಮಿತಾ ಮೇಡಂ ಕೈಲಿ ಬರೆಸಿದ್ರಾ?”