ಮುಖ ನೋಡದ ಜೋಡಿಯ ಅಫಿಡವಿಟ್ಟು

ಮದುವೆ ಕೂಡಿಸುವ ಚಟ ನನಗಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ತಂಬಾಕು, ಕೆಲವರಿಗೆ ಇಸ್ಪೀಟು, ನನಗೆ ಬಯೋಡಾಟಾ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು, ಬಸ್ಸಿನಲ್ಲಿ ಪಕ್ಕ ಕೂತವನ ಊರು ಯಾವುದೆಂದು ಕೇಳಿದೆನೆಂದರೆ, ಅವನ ಮನೆಯಲ್ಲಿ ಮದುವೆಗೆ ಬಂದವರು ಯಾರಿದ್ದಾರೆಂಬುದೇ ಎರಡನೆಯ ಪ್ರಶ್ನೆ. ಇಷ್ಟೆಲ್ಲ ಉತ್ಸಾಹವಿದ್ದರೂ ಕೈಗುಣ ಮಾತ್ರ ಇರಲಿಲ್ಲ. ನಾನು ತೋರಿಸಿದ ವರ ಬೇರೆ ಯಾರನ್ನೋ ಮದುವೆಯಾಗುತ್ತಿದ್ದ, ನಾನು ತೋರಿಸಿದ ಕನ್ಯೆ ಮತ್ತಾರನ್ನೋ. ಒಮ್ಮೆಯಂತೂ ಹುಡುಗಿಯ ಕಡೆಯವರು ನನ್ನ ಜೊತೆಗೇ ಹುಡುಗನನ್ನು ನೋಡಲು ಬಂದು, ಅಲ್ಲಿ ಚಹಾ ತಂದುಕೊಟ್ಟ ಅವನ ದೊಡ್ಡಪ್ಪನ ಮಗನನ್ನು ಗೊತ್ತು ಮಾಡಿಕೊಂಡು ಹೋಗಿದ್ದರು.

ಹೀಗಿರುವಾಗ ನನ್ನ ಅಕ್ಕನ ಮಗಳು ಭಾಗ್ಯಶ್ರೀಯ ಮದುವೆ ನನ್ನಿಂದ ಕೂಡಿಬಂದಿತೆಂದರೆ ನಾನೆಷ್ಟು ಬೀಗಿರಬೇಡ! ಅಕ್ಕನದು ಸಿಂದಗಿ ತಾಲೂಕಿನ ಕನ್ನೊಳ್ಳಿ. ಭಾಗ್ಯ ನರ್ಸಿಂಗ್ ಕಲಿತು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡನ್ನೂ ಪಡೆದಿದ್ದಳು. ವಯಸ್ಸು ಮೂವತ್ತಮೂರು ದಾಟಿದರೂ ಮದುವೆಯ ಮಾತೆತ್ತಿದರೆ ಫೋನ್ ಇಡುತ್ತಿದ್ದಳು. ನಾನು ಕಳಿಸಿದ ಡಾಕ್ಟರು, ಇಂಜಿನಿಯರು, ತಹಶೀಲ್ದಾರರೆಲ್ಲ ಅವಳಿಗೆ ಬೇಡವಾಗಿದ್ದರು. ಅಂಥ ಸಮಯದಲ್ಲಿ ಇಂಡಿಯಲ್ಲೊಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತವನು ಮಲ್ಲಿಕಾರ್ಜುನ. ನಿಂಬೆಹಣ್ಣಿನ ವ್ಯಾಪಾರ, ಸ್ವಂತ ಗೋದಾಮು, ತೂಕದ ಮಾತು. ನಾನು ಬೇಡವೆಂದರೂ ನನ್ನ ಎಲೆಗೆ ಎರಡು ಹೋಳಿಗೆ ಹಾಕಿಸಿ, "ಸರ್, ನಿಮ್ಮ ಪಾಠದ ಬಗ್ಗೆ ಭಾಳ ಕೇಳೇನ್ರಿ" ಎಂದ. ನಾನು ನನ್ನ ಎರಡನೆಯ ಪ್ರಶ್ನೆ ಕೇಳಿದೆ. ತಿಂಗಳಾಗುವಷ್ಟರಲ್ಲಿ ಭಾಗ್ಯ ರಜೆಯ ಮೇಲೆ ಬಂದಳು, ಹುಡುಗನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದಳು. "ಮಾಮಾ ಹೇಳಿದ್ರ ಆತು, ನಂದೇನೈತಿ" ಎಂದಳು. ಅಮೆರಿಕದಲ್ಲಿದ್ದೂ ಇಂಥ ಸಂಸ್ಕಾರ ಉಳಿಸಿಕೊಂಡಿದ್ದಾಳಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಆ ದಿನದಿಂದ ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಈ ಜೋಡಿಯ ಕಥೆಯನ್ನು ನಾನು ಹೇಳದ ಓಣಿಯಿಲ್ಲ.

ಮದುವೆ ಮುಗಿದು ಭಾಗ್ಯ ಮರಳಿದಳು. ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಹೆಂಡತಿಯ ಹತ್ತಿರ ಹೋಗಲು ಗಂಡನಿಗೆ ಎರಡು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆಂದು ತಿಳಿದಾಗ ನನಗಾದ ಆಘಾತ ಮೊದಲನೆಯದು. ನಮ್ಮಲ್ಲಿ ಹೆಂಡತಿ ತವರಿಗೆ ಹೋಗಿ ಎರಡು ವಾರವಾದರೆ ಜನ ಪಂಚಾಯಿತಿ ಕೂಡಿಸುತ್ತಾರೆ. ಮದುವೆ ಕೂಡಿಸಿದವನು ನಾನೇ ಆದ್ದರಿಂದ ಕಾಗದ ಕೂಡಿಸುವವನೂ ನಾನೇ ಆದೆ. ಮಲ್ಲಿಕಾರ್ಜುನನ ಜನನ ಪ್ರಮಾಣಪತ್ರ ಹುಡುಕಲು ಹೋದರೆ ಅವನು ಹುಟ್ಟಿದ್ದೇ ದಾಖಲಾಗಿರಲಿಲ್ಲ. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ ಒಂದು. ದಾಖಲಾತಿಗೆ ಬಂದ ಮಕ್ಕಳಿಗೆಲ್ಲ ಜೂನ್ ಒಂದು ಬರೆದು ಕೈ ತೊಳೆದುಕೊಳ್ಳುವ ಮಾಸ್ತರರ ಪೈಕಿ ನಾನೂ ಒಬ್ಬನಾದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ದಾಖಲೆ ಸಿಗುವುದಿಲ್ಲ ಎಂಬುದಕ್ಕೊಂದು ದಾಖಲೆ ತಂದೆವು.

ಆಮೇಲೆ ವೀಸಾದ ಅರ್ಜಿ. ಮಲ್ಲಿಕಾರ್ಜುನ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ನಾನು ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದುತ್ತಿದ್ದೆ. ನೀವು ಭಯೋತ್ಪಾದಕರೇ, ನರಮೇಧದಲ್ಲಿ ಭಾಗವಹಿಸಿದ್ದೀರಾ ಎಂಬಲ್ಲಿಗೆ ಬಂದಾಗ ಮತ್ತೊಮ್ಮೆ ಓದಿ ನೋಡಿದೆ. ಅಳಿಯನಿಗೆ ಕೇಳುವ ಮಾತೇ ಇದು? ಮುಂದಿನದಂತೂ ಅಮೆರಿಕಕ್ಕೆ ಹೋಗಿ ಒಬ್ಬಳಿಗಿಂತ ಹೆಚ್ಚು ಹೆಂಡಂದಿರ ಜೊತೆ ಸಂಸಾರ ಮಾಡುವ ಉದ್ದೇಶವಿದೆಯೇ ಎಂದು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನೀಲಾ ಕೈ ನಿಲ್ಲಿಸಿ, "ಒಬ್ಬಾಕಿ ಕಡೆ ಹೋಗೋದರಾಗ ಹೆಣಾ ಬೀಳಾಕತ್ತೈತಿ, ಇನ್ನ ಎರಡನೇದಾಕಿ ಯಾವಾಕ್ರಿ!" ಎಂದಳು.

ಮುಂಬಯಿಯ ಸಂದರ್ಶನಕ್ಕೆ ಎರಡು ವಾರವಿರುವಾಗ ಭಾಗ್ಯ ಫೋನ್ ಮಾಡಿ, ಮದುವೆ ಖರೇ ಮದುವೆ ಎಂದು ಅಧಿಕಾರಿಗೆ ನಂಬಿಕೆ ಬರಬೇಕು, ವೀಸಾದ ಕಾಗದಕ್ಕಾಗಿ ಮಾಡಿಕೊಂಡದ್ದೆಂಬ ಸಂಶಯ ಬಂದರೆ ಎಲ್ಲ ಮುಗಿಯಿತು ಎಂದಳು. ನಾನು ಮದುವೆಯ ಆಲ್ಬಮ್ ತೆಗೆದೆ. ಅಕ್ಷತೆ, ಊಟ, ನಾನು, ಮತ್ತೆ ನಾನು, ಬೀಗರ ಜೊತೆ ನಾನು. ಆದರೆ ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಿದ ಒಂದೇ ಒಂದು ಫೋಟೋ ಇಲ್ಲ. ಅವನು ಪೂರ್ವಕ್ಕೆ, ಇವಳು ಪಶ್ಚಿಮಕ್ಕೆ. ಇದನ್ನು ನೋಡಿದ ಅಧಿಕಾರಿ ಇವರು ಒಂದೇ ಮದುವೆಗೆ ಬಂದವರೆಂದೂ ನಂಬಲಾರ. ಇದಕ್ಕೆ ಪರಿಹಾರವಾಗಿ, ಯಾರೂ ಕೇಳದಿದ್ದರೂ, ನಾನೇ ಮುದ್ದೇಬಿಹಾಳಕ್ಕೆ ಹೋಗಿ ನನ್ನ ಪರಿಚಯದ ನೋಟರಿ ವಕೀಲರ ಮುಂದೆ ಒಂದು ಅಫಿಡವಿಟ್ಟು ಮಾಡಿಸಿದೆ. ಈ ವಧೂವರರನ್ನು ನಾನೇ ಸ್ವತಃ ಹುಡುಕಿ ಕೂಡಿಸಿದ್ದು, ನಾನು ತೋರಿಸುವ ಮೊದಲು ಇವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ, ಆದಕಾರಣ ಇದರಲ್ಲಿ ಯಾವ ಒಳಸಂಚೂ ಇರಲು ಸಾಧ್ಯವಿಲ್ಲ ಎಂದು ಬರೆಸಿ ಸಹಿ ಹಾಕಿದೆ. ಬರೆಯುವಾಗ ನನಗೇ ರೋಮಾಂಚನವಾಯಿತು. ಆ ರಾತ್ರಿಯೇ ಫೋನಿನಲ್ಲಿ ಭಾಗ್ಯಳಿಗೂ ಮಲ್ಲಿಕಾರ್ಜುನನಿಗೂ ಓದಿ ಹೇಳಿದೆ.

ಮರುದಿನ ಭಾನುವಾರ. ಮಲ್ಲಿಕಾರ್ಜುನನಿಗೆ ತಾಲೀಮು ಮಾಡಿಸಲೆಂದು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ಮೇಲೆ ವೀಸಾ ಅಧಿಕಾರಿಯಾಗಿ ಕೂತೆ. ಹೆಸರು, ಕೆಲಸ, ಹೆಂಡತಿಯ ಆಸ್ಪತ್ರೆ, ಎಲ್ಲಕ್ಕೂ ಪಟಪಟನೆ ಉತ್ತರ ಬಂತು. "ನಿಮ್ಮ ಹೆಂಡತಿಯನ್ನು ಮೊಟ್ಟಮೊದಲು ನೋಡಿದ್ದು ಯಾವಾಗ?" ಎಂದೆ. ಹುಡುಗ ಟವೆಲಿನಿಂದ ಮುಖ ಒರೆಸಿಕೊಂಡ. ನೀಲಾ ಇದ್ದಕ್ಕಿದ್ದಂತೆ ಚಹಾ ಸೋಸಲು ಒಳಗೆ ಹೋದಳು.

"ಮಾವಾರ, ಖರೇ ಹೇಳ್ಲೇನ್ರಿ, ಇಲ್ಲಾ ನಿಮ್ಮ ಅಫಿಡವಿಟ್ಟಿನ ಪ್ರಕಾರ ಹೇಳ್ಲೇನ್ರಿ?" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ತನ್ನ ಚೀಲದಿಂದ ದಪ್ಪನೆಯದೊಂದು ಫೈಲು ತೆಗೆದು ಕೊಟ್ಟ. ಅಧಿಕಾರಿಗೆ ತೋರಿಸಲೆಂದು ಭಾಗ್ಯ ಸಿದ್ಧಪಡಿಸಿ ಕಳಿಸಿದ ಸಾಕ್ಷಿಗಳವು. ಮೊದಲ ಹಾಳೆಯಲ್ಲಿ ಸಿಂದಗಿಯ ಪಿಯು ಕಾಲೇಜಿನ ಗ್ರೂಪ್ ಫೋಟೋ. ಎರಡು ಮುಖಗಳಿಗೆ ಪೆನ್ನಿನಿಂದ ವೃತ್ತ ಹಾಕಿತ್ತು. ಒಂದು ಭಾಗ್ಯ, ಇನ್ನೊಂದು ಮೀಸೆ ಚಿಗುರದ ಮಲ್ಲಿಕಾರ್ಜುನ. ಅದರ ಹಿಂದೆ ಹನ್ನೊಂದು ವರ್ಷದ ಮೊಬೈಲ್ ಸಂದೇಶಗಳ ಪ್ರಿಂಟು. ಅದರಲ್ಲೊಂದು ಹಾಳೆಯ ಮೇಲೆ ನನ್ನ ಕಣ್ಣು ನಿಂತಿತು. "ನಾಡಿದ್ದ ಇಂಡಿ ಮದುವ್ಯಾಗ ಮಾಮಾನ ಬಾಜೂಕ ಕುಂದ್ರು. ಹೋಳಿಗಿ ಹಾಕಸು. ಪಾಠದ ಸುದ್ದಿ ತಗಿ, ಅಷ್ಟ ಸಾಕು, ಉಳಿದದ್ದು ಅವರ ಮಾಡ್ತಾರ" ಎಂದು ಭಾಗ್ಯ ಬರೆದಿದ್ದಳು.

ಹಾಳೆ ತಿರುವಿದೆ. ಮದುವೆಗೆ ಎರಡು ವರ್ಷ ಮೊದಲು ಅವಳು ರಜೆಗೆ ಬಂದಾಗ ಇಂಡಿಯ ನಿಂಬೆ ಗೋದಾಮಿನಲ್ಲಿ ತೆಗೆದ ಫೋಟೋ. ಹಳದಿ ರಾಶಿಯ ಮುಂದೆ ಇಬ್ಬರೂ ನಗುತ್ತ ನಿಂತಿದ್ದಾರೆ. ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ಮಿರ್ಚಿ ಬಜಿ ತಿನ್ನುತ್ತಿರುವ ಹೆಂಗಸು ಮುಖ ಅತ್ತ ತಿರುಗಿಸಿದ್ದಳು. ಆದರೆ ಅವಳು ಉಟ್ಟಿದ್ದ ಇಳಕಲ್ ಸೀರೆಯನ್ನು ದೀಪಾವಳಿಗೆ ತಂದುಕೊಟ್ಟವನು ನಾನೇ.

"ನೀಲಾ!" ಎಂದು ಕೂಗಿದೆ.

ನೀಲಾ ಚಹಾದೊಂದಿಗೆ ಬಂದಳು. ಓಡಿಹೋಗುವ ಲಕ್ಷಣವೇನೂ ಇರಲಿಲ್ಲ. "ಬಜಿ ಆರಿದ್ವು, ಅಷ್ಟೇನ್ ಛಲೋ ಇರ್ಲಿಲ್ಲ" ಎಂದಳು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನಾಗ್ತಿತ್ತು? ನಿಮ್ಮ ತಮ್ಮನ ಮಗಾ ತಾನ ಹುಡುಗಿ ನೋಡಿಕೊಂಡಾಗ ಏನ್ ಮಾಡಿದ್ರಿ? ಆರು ತಿಂಗಳ ಅವರ ಮನಿ ಹೊಸ್ತಿಲಾ ತುಳೀಲಿಲ್ಲ. ಕನ್ನೊಳ್ಳಿ ಅಕ್ಕಾರು ನೀವು ಹಾಕಿದ ಗೆರಿ ದಾಟೋರಲ್ಲ. ನೀವು ಹೂಂ ಅಂದ್ರ ಆಗ್ತಿತ್ತು, ಊಹೂಂ ಅಂದ್ರ ಇಲ್ಲ. ಆ ಕೂಸು ಹನ್ನೊಂದು ವರ್ಷ ಕಾದೈತಿ. ಅದಕ್ಕ ಹೂಂ ಅನ್ನೋದನ್ನ ನಿಮ್ಮ ಬಾಯಾಗ ನಾವ ಹಾಕಿದ್ವಿ."

ಡಾಕ್ಟರು, ತಹಶೀಲ್ದಾರರ ಫೋಟೋ ಕಳಿಸಿದಾಗಲೆಲ್ಲ ಆ ಹುಡುಗಿ ಫೋನ್ ಇಟ್ಟು ಏನು ಮಾಡುತ್ತಿದ್ದಳೋ ಎಂಬ ಯೋಚನೆ ಆಗಷ್ಟೇ ಮೊದಲ ಬಾರಿ ಬಂತು. ಮಲ್ಲಿಕಾರ್ಜುನ ಕುರ್ಚಿಯಿಂದೆದ್ದು ನನ್ನ ಕಾಲು ಹಿಡಿಯಲು ಬಗ್ಗಿದ. "ಮಾವಾರ, ಮೋಸ ಮಾಡೋ ಮನಸಿರಲಿಲ್ರಿ. ನಿಮ್ಮ ಅಂಜಿಕಿ ಇತ್ರಿ. ಮದುವ್ಯಾಗೂ ಆಕಿ ಮುಖಾ ನೋಡಿದ್ರ ನಗಿ ಬರ್ತೈತಂತ ಕ್ಯಾಮೆರಾ ಬಂದಾಗೊಮ್ಮೆ ಆಕಡೆ ತಿರಗ್ತಿದ್ದೆ" ಎಂದ. ನನ್ನ ಅಂಜಿಕೆ! ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿಗೇ ಇಲ್ಲದ ಅಂಜಿಕೆ.

ಸಿಟ್ಟು ಮಾಡಿಕೊಂಡು ಕೂರಲೂ ಪುರುಸೊತ್ತಿರಲಿಲ್ಲ. ಒಂದೇ ಫೈಲಿನಲ್ಲಿ ಹನ್ನೊಂದು ವರ್ಷದ ಪ್ರೀತಿಯ ಸಾಕ್ಷಿ, ಅದರ ಮೇಲೆ ಇವರು ಮುಖವನ್ನೇ ನೋಡಿರಲಿಲ್ಲವೆಂದು ನಾನು ಪ್ರಮಾಣ ಮಾಡಿದ ಕಾಗದ. ಅಧಿಕಾರಿ ಎರಡನ್ನೂ ಓದಿದರೆ ಹುಡುಗನ ಗತಿ? ಆ ರಾತ್ರಿ ಭಾಗ್ಯ ಫೋನಿನಲ್ಲಿ ಅಳುತ್ತ, "ಮಾಮಾ, ನಿಮ್ಮ ಕಾಗದ ತಗೀರಿ ಅನ್ನಾಕ ನನಗ ಬಾಯಿ ಬರ್ಲಿಲ್ಲ" ಎಂದಳು. ನಾನು, "ಅಳಬ್ಯಾಡ. ಸುಳ್ಳು ಪ್ರಮಾಣ ಮಾಡಿದಾಂವ ನಾನು. ನಾನ ತಿದ್ದತೇನಿ" ಎಂದೆ. ಅಷ್ಟು ಮೆತ್ತಗೆ ನಾನು ಮಾತಾಡಿದ್ದು ಕೇಳಿ ನೀಲಾ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಮತ್ತೆ ಮುದ್ದೇಬಿಹಾಳ. ನೋಟರಿ ವಕೀಲರು ಹೊಸ ಒಕ್ಕಣೆ ಓದಿ, ಕನ್ನಡಕ ಇಳಿಸಿ, ನನ್ನನ್ನೇ ನೋಡಿದರು. "ಅಲ್ರೀ ಮಾಸ್ತರ, ಶನಿವಾರ ಮುಖಾ ಕಂಡಿಲ್ಲ ಅಂದ್ರಿ. ಮಂಗಳವಾರ ಹನ್ನೊಂದು ವರ್ಷದ ಪ್ರೀತಿ ಅಂತೀರಿ. ಶುಕ್ರವಾರ ಬಂದು ಎರಡು ಮಕ್ಕಳದಾವ ಅಂತೀರೇನು?"

"ಹಳೇದು ಹರದ ಹಾಕ್ರಿ, ಸಾಹೇಬ್ರ."

"ಹರೀತೇನ್ರಿ. ಆದ್ರ ಇದರಾಗ ನಿಮ್ಮ ಕೆಲಸ ಏನಂತ ಬರೀಲಿ?"

ಕೊನೆಗೆ, ಈ ಮದುವೆಯನ್ನು ವಧೂವರರು ತಾವೇ ನಿಶ್ಚಯಿಸಿಕೊಂಡಿದ್ದು, ಸದರಿ ವಿಷಯ ನನ್ನ ಹೊರತಾಗಿ ಉಳಿದವರಿಗೆ ತಿಳಿದಿತ್ತು ಎಂದು ಬರೆಸಿದೆ. ವಕೀಲರ ಗುಮಾಸ್ತ ನಗು ತಡೆಯಲಾರದೆ ಹೊರಗೆ ಹೋದ.

ಮಲ್ಲಿಕಾರ್ಜುನ ಮುಂಬಯಿಗೆ ಹೋದ ದಿನ ನಾನು ಶಾಲೆಗೆ ರಜೆ ಹಾಕಿ, ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಮಧ್ಯಾಹ್ನ ಕರೆ ಬಂತು. "ಆತ್ರಿ ಮಾವಾರ! ಆತ್ರಿ!" ಅಧಿಕಾರಿ ಒಬ್ಬ ಹೆಣ್ಣುಮಗಳಂತೆ. ಫೈಲಿನಲ್ಲಿ ಕಾಲೇಜಿನ ಫೋಟೋ ನೋಡಿ, ಸಂದೇಶಗಳ ಹಾಳೆ ತಿರುವಿ, ಕೊನೆಗೆ ನನ್ನ ಅಫಿಡವಿಟ್ಟು ಓದಿದಳಂತೆ. ನಿಮ್ಮ ಮಾವನಿಗೆ ಈಗಲಾದರೂ ಸಿಟ್ಟು ಇಳಿದಿದೆಯೇ ಎಂಬುದೇ ಅವಳು ಕೇಳಿದ ಕಡೆಯ ಪ್ರಶ್ನೆ. "ನೀ ಏನಂದಿ?" ಎಂದೆ. "ಇಳದೈತಿ ಅಂದೆ. ಸುಳ್ಳು ಆಗಲಿಲ್ಲ ಅಲ್ರೀ?" ಎಂದ. ನಾನು ಅತ್ತದ್ದು ಅವನಿಗೆ ಕೇಳಿಸದಿರಲೆಂದು ಫೋನನ್ನು ನೀಲಾಳ ಕೈಗೆ ಕೊಟ್ಟೆ.

ಸಂಜೆ ಕಟ್ಟೆಯ ಮೇಲೆ ಕೂತು, ಉಳಿದ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು, "ನಮ್ಮ ಕಾಲದಾಗ ಹಿಂಗಿರಲಿಲ್ಲ ನೋಡು. ನಾನು ನಿಮ್ಮ ಮನಿಗೆ ಕನ್ಯಾ ನೋಡಾಕ ಬಂದೆ, ನೋಡಿದೆ, ಹೂಂ ಅಂದೆ, ಮುಗೀತು" ಎಂದೆ.

ನೀಲಾ ಬುಟ್ಟಿಯಲ್ಲಿನ ಅವರೆಕಾಯಿ ಸುಲಿಯುತ್ತ, "ಅದಕಿಂತ ಮೊದಲ ನಾನು ನಿಮ್ಮನ್ನ ಎರಡು ಸಲ ನೋಡಿದ್ದೆ" ಎಂದಳು.

"ಎಲ್ಲಿ?"

"ಸಿಂದಗಿ ಬಸ್ ಸ್ಟ್ಯಾಂಡಿನಾಗ. ತಪ್ಪು ಬಸ್ಸಿನಾಗ ಕುಂತು, ಇದು ಮುದ್ದೇಬಿಹಾಳಕ್ಕ ಹೋಗತೈತಿ ಅಂತ ಕಂಡಕ್ಟರ್‌ಗ ಭೂಗೋಳ ಹೇಳಾಕತ್ತಿದ್ರಿ. ಮುಂದಿನ ವಾರಾನೂ ಅದ ಬಸ್ಸು, ಅದ ಭೂಗೋಳ. ಮನಿಗೆ ಹೋಗಿ ನಮ್ಮ ಕಾಕಾಗ ಹೇಳಿದೆ, ಆ ಮಾಸ್ತರು ಯಾರು ಏನು ಅಂತ ಕೇಳ್ರಿ, ಅವರಿಗೆ ದಾರಿ ತೋರಿಸಾಕ ಒಬ್ಬಾಕಿ ಬೇಕಾಗೇತಿ ಅಂತ."

ಮೂವತ್ತು ವರ್ಷದಿಂದ ನಾನು ನೋಡಿ ಒಪ್ಪಿದ ಹೆಣ್ಣೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಪುಣ್ಯಕ್ಕೆ ಅದಕ್ಕೆ ಯಾವ ದೇಶದವರೂ ಇದುವರೆಗೆ ಅಫಿಡವಿಟ್ಟು ಕೇಳಿಲ್ಲ. ಕೇಳಿದರೆ ನನಗೆ ತಿಳಿದದ್ದೇನೂ ಇಲ್ಲ, ನೀಲಾಳೇ ಬರೆದುಕೊಡಬೇಕು.