ಗಂಟೆಗಾಗಿ ಕೂಗಿದ ಕೊಡ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಒಂದು ಮಾತು ಹೆಚ್ಚಾದರೂ ತಿದ್ದಲು ಹೆಂಡತಿ ಪಕ್ಕದಲ್ಲೇ ಕುಳಿತಿದ್ದಾಳೆ.

ಹಿಟ್ನಾಳದ ಆಚೆಗಿನ ನಮ್ಮೂರ ಚರ್ಚಿಗೆ ಗಂಟೆ ಇರಲಿಲ್ಲ. ಬೇವಿನ ಮರಕ್ಕೆ ತೂಗುಬಿಟ್ಟ ರೈಲು ಹಳಿಯ ತುಂಡನ್ನೇ ಬಾರಿಸುತ್ತಿದ್ದೆವು. ಪಕ್ಕದ ಶಾಲೆಯಲ್ಲೂ ಅಂಥದೇ ತುಂಡು. ಭಾನುವಾರ ಒಂದಿಬ್ಬರು ಮಕ್ಕಳು ಪೂಜೆಗೆ ಪಾಟಿಚೀಲ ಹೊತ್ತು ಬರುತ್ತಿದ್ದರು!

ಸುಗ್ಗಿಯ ಪೂಜೆಯ ದಿನ ಮನೆಗೊಂದು ವಸ್ತು ತಂದು ಪೀಠದ ಮುಂದಿಡುವುದು, ಆಮೇಲೆ ಅಂಗಳದಲ್ಲಿ ಅದನ್ನು ಸವಾಲು ಕೂಗುವುದು ನಮ್ಮ ಪದ್ಧತಿ. ಆ ವರ್ಷದ ಹಣವೆಲ್ಲ ಗಂಟೆಗೆ ಎಂದು ಫಾದರ್ ಸಾರಿದರು. ಕೂಗುವ ಹೊಣೆ ನನ್ನದು. ಉತ್ಸಾಹದಲ್ಲಿ ಒಂದು ಕಾಯ್ದೆಯನ್ನೂ ಮಾಡಿದೆ: ಪೀಠದ ಮುಂದಿಟ್ಟದ್ದನ್ನು ಯಾರೂ, ಯಾವ ಕಾರಣಕ್ಕೂ, ಹಿಂದಕ್ಕೆ ಕೇಳುವಂತಿಲ್ಲ. ಗೆಳೆಯ ಬಸಣ್ಣನಿಗೆ ಗುಟ್ಟಾಗಿ ಹೇಳಿಟ್ಟೆ, ನಾನು ಕಣ್ಣು ಮಿಟುಕಿಸಿದಾಗ ಬೆಲೆ ಏರಿಸಬೇಕು.

ಎಲ್ಲರೂ ಕೋಳಿ, ಕುಂಬಳಕಾಯಿ ತರುವವರೇ. ಕೂಗುವವನೂ ಕುಂಬಳಕಾಯಿ ತಂದರೆ ಮರ್ಯಾದೆಯೇ? ಹೆಂಡತಿ ಶಾಂತಮ್ಮ ನವಲಿಯ ತವರಿಗೆ ಹೋಗಿದ್ದಳು. ಅಟ್ಟದ ಮೇಲೆ ಕಪ್ಪುಗಟ್ಟಿದ ಹಿತ್ತಾಳೆ ಕೊಡವೊಂದು ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಂಗಾರದಂತೆ ಹೊಳೆಯಿತು! ಕಂಠದ ಮೇಲೆ ಕೊರೆದ ಹೆಸರೂ ಹೊಳೆಯಿತು. ಓದಬೇಕಿತ್ತು. ಓದಲಿಲ್ಲ.

ಅಂಗಳದಲ್ಲಿ ಕೊಡ ಎತ್ತಿ ಹಿಡಿದೆ. ಬೇವಿನ ಬುಡದಿಂದ ಬಸಣ್ಣ ಮುನ್ನೂರು ಎಂದ. ಅಷ್ಟರಲ್ಲಿ ಬಸ್ಸಿಳಿದು ನೇರವಾಗಿ ಬಂದ ಶಾಂತಮ್ಮ, ತಲೆಯ ಮೇಲಿನ ಅಕ್ಕಿ ಚೀಲ ಇಳಿಸಿ, ಹತ್ತಿರ ಬಂದು ಕಂಠ ನೋಡಿದಳು.

"ನಮ್ಮಪ್ಪ ನನ್ನ ಮದಿವ್ಯಾಗ ಕೊಟ್ಟ ಕೊಡ ಐತಿ ಇದು," ಎಂದಳು. ಮೆಲ್ಲಗೆ ಎಂದಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಕಾಯ್ದೆ ಸಡಿಲಿಸಲು ಬಾಯಿ ತೆರೆದೆ. ಬೆಳಿಗ್ಗೆಯಷ್ಟೇ ತನ್ನ ಕೋಳಿಯನ್ನು ಹಿಂದಕ್ಕೆ ಕೇಳಿ ನನ್ನಿಂದ ಉಪದೇಶ ಕೇಳಿಸಿಕೊಂಡಿದ್ದ ಅಜ್ಜಿಯೊಬ್ಬಳು ಮುಂದೆಯೇ ಕುಳಿತಿದ್ದಳು.

"ನನ್ನ ಕೋಳಿಗೊಂದು ಕಾಯ್ದೆ, ನಿನ್ನ ಕೊಡಕ್ಕೊಂದು ಕಾಯ್ದೆ ಏನ್ ತಮ್ಮಾ?"

ತೆರೆದ ಬಾಯಿಯಿಂದ, ಮುನ್ನೂರು ಒಂದನೇ ಸಲ ಎಂದೇ ಕೂಗಿದೆ.

ಶಾಂತಮ್ಮ ಐನೂರು ಎಂದಳು. ದೂರದಲ್ಲಿದ್ದ ಬಸಣ್ಣನಿಗೆ ಕೊಡದ ಕಥೆ ಕೇಳಿಸಿರಲಿಲ್ಲ. ಹೆದರಿಕೆಗೆ ನನ್ನ ಎಡಗಣ್ಣು ತಾನಾಗಿ ಹಾರತೊಡಗಿತು. ಬಸಣ್ಣ ಕೊಟ್ಟ ಮಾತಿಗೆ ತಪ್ಪುವವನಲ್ಲ. ಹಾರಿದಾಗಲೆಲ್ಲ ಏರಿಸಿದ! ಅವನು ಏರಿಸಿದಂತೆ ಅವಳೂ ಏರಿಸಿದಳು. ಕುಳಿತವರು ಎದ್ದು ನಿಂತರು. ಫಾದರ್ ಮುಖ ಅರಳುತ್ತಲೇ ಹೋಯಿತು. ಕೊನೆಗೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡೆ. ಬಸಣ್ಣ ಸುಮ್ಮನಾದ. ಅಷ್ಟರಲ್ಲಿ ಶಾಂತಮ್ಮನ ಬೆಲೆ ಮೂರು ಸಾವಿರ ಮುಟ್ಟಿತ್ತು.

ಅಷ್ಟು ಹಣ ಎಲ್ಲಿಂದ ಎಂದು ಫಾದರ್ ಅವಳನ್ನು ಮೆಲ್ಲಗೆ ವಿಚಾರಿಸಿದರು.

"ಎಮ್ಮಿ ಹಾಲು ಮಾರಿ ಕೂಡಿಟ್ಟೀನ್ರಿ ಫಾದರ್. ಇವ್ರಿಗೆ ಒಂದು ಮೊಪೆಡ್ ಕೊಡಸಬೇಕಂತ ಮಾಡಿದ್ದೆ. ಇರ್ಲಿ ಬಿಡ್ರಿ, ನಡಕೊಂತ ಅಡ್ಡಾಡಿದ್ರ ಮೈಗೆ ಛಲೋ."

ಗಂಟೆ ಬಂತು. ಮೊಪೆಡ್ ಬರಲಿಲ್ಲ. ಮೊದಲ ಸಲ ಹಗ್ಗ ಎಳೆಯುವ ಗೌರವ, ಅತಿ ಹೆಚ್ಚು ಕೊಟ್ಟವರೆಂದು, ಶಾಂತಮ್ಮನಿಗೆ ಸಂದಿತು. ನಾನು ಅವಳ ಚಪ್ಪಲಿ ಕಾಯ್ದೆ.

ಕೊಡ ಈಗ ಅಟ್ಟದ ಮೇಲಿಲ್ಲ, ನಡುಮನೆಯಲ್ಲಿದೆ. ಭಾನುವಾರ ಮೊದಲ ಗಂಟೆಯಾದ ಕೂಡಲೇ ಶಾಂತಮ್ಮ ಹುಣಸೆಹಣ್ಣು ತಂದು ನನ್ನ ಮುಂದಿಡುತ್ತಾಳೆ. ಮಾವನವರ ಹೆಸರು ಓದಲು ಬರುವಷ್ಟು ತಿಕ್ಕಬೇಕು. ಊರಿಗೆಲ್ಲ ಅದು ಪೂಜೆಯ ಗಂಟೆ. ನನಗೊಬ್ಬನಿಗೆ ಕೊಡ ತಿಕ್ಕುವ ಗಂಟೆ!