ಟರ್ಬೊ ಕಾರಿಗೆ ಪಿಂಗಾಣಿ ಲೇಪ

ಕಾರು ರಿಪೇರಿ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ದೊಡ್ಡ ಅನುಕೂಲವಿತ್ತು. ಏನೂ ಗೊತ್ತಿರಲಿಲ್ಲ! ಗೊತ್ತಿದ್ದವರು ಹೆದರುತ್ತಾರೆ. ನನಗೆ ಆ ತೊಂದರೆ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಕಾರಿಪುರದಲ್ಲಿ ನನ್ನದು ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಶಿವಮೊಗ್ಗದ ಕಂಟ್ರಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡಿದ್ದೆ. ಅದರ ಬೆನ್ನ ಮೇಲೆ ದಪ್ಪಕ್ಷರದಲ್ಲಿ ‘ಟರ್ಬೊ’ ಎಂದು ಬರೆದಿತ್ತು. ಬರೆದಿತ್ತು, ಅಷ್ಟೇ. ರಸ್ತೆ ಸ್ವಲ್ಪ ಏರಿತೆಂದರೆ ಕಾರು ಯೋಚನೆಗೆ ಬೀಳುತ್ತಿತ್ತು. ಒಂದು ದಿನ ಏರಿನಲ್ಲಿ ಸರ್ವೀಸ್ ಬಸ್ಸೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಅದರ ಟಾಪಿನ ಮೇಲೆ ಕೂತಿದ್ದವನು ನನಗೆ ಟಾಟಾ ಮಾಡಿದ!

ಈ ಅವಮಾನವನ್ನು ಗ್ಯಾರೇಜಿನ ಖಾದರ್ ಮುಂದೆ ತೋಡಿಕೊಂಡೆ. ಅವನ ಭಾವಮೈದ ಬೊಂಬಾಯಿಯಲ್ಲಿ ರೇಸಿನ ಗಾಡಿಗಳ ಗ್ಯಾರೇಜಿನಲ್ಲಿದ್ದ.

“ಅಣ್ಣಾ, ನಿಮ್ ಗಾಡಿಗೆ ಉಸಿರು ಕಟ್ಟೈತೆ. ಮ್ಯಾನಿಫೋಲ್ಡ್ ಪೋರ್ಟಿಂಗ್ ಮಾಡಬೇಕು. ಮೇಲೆ ಸೆರಾಮಿಕ್ ಕೋಟಿಂಗ್. ಬೊಂಬಾಯಿನಾಗೆ ಎಲ್ಲ ಹಂಗೇ ಮಾಡ್ತಾರೆ” ಎಂದ.

ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿನ ಪಕ್ಕೆಗೆ ಕೂತ ಎರಕದ ಕಬ್ಬಿಣದ ಕೊಳವೆ. ಬಿಸಿ ಹೊಗೆ ಅದರ ನಾಲ್ಕು ಬಾಯಿಗಳಲ್ಲಿ ಒಳಗೆ ಬಂದು, ಒಂದೇ ಬಾಯಿಂದ ಹೊರಗೆ ಹೋಗಿ, ಟರ್ಬೊದ ಚಕ್ರವನ್ನು ತಿರುಗಿಸುತ್ತದೆ. ಕೊಳವೆಯ ಒಳಗೋಡೆಯನ್ನು ಉಜ್ಜಿ ಅಗಲ ಮಾಡಿದರೆ, ಅದೇ ಪೋರ್ಟಿಂಗ್, ಹೊಗೆ ಸರಾಗ ಹರಿಯುತ್ತದೆ. ಹೊರಗೆ ಸೆರಾಮಿಕ್ ಬಳಿದರೆ ಕಾವು ಒಳಗೇ ಉಳಿದು ಚಕ್ರ ಜೋರಾಗಿ ತಿರುಗುತ್ತದೆ. ಕೇಳಿದರೆ ಎಷ್ಟು ಸುಲಭ!

“ನೀನು ಟರ್ಬೊ ಗಾಡಿ ಬಿಚ್ಚಿದೀಯೇನೋ?” ಎಂದು ಕೇಳಿದೆ.

“ಇದೇ ಮೊದಲು. ನೀವೇನ್ ಹೆದರಬೇಡ್ರಿ.”

ನನ್ನ ಹೆಂಡತಿ ಗಿರಿಜಾ ಮಾತ್ರ ಹೆದರಿದಳು. ಅವಳಿಗೆ ಕಾರಣವಿತ್ತು. ಅವಳ ತಂಗಿ ಶಾರದೆಯ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಹುಡುಗ ಈಸೂರಿನವನು. ನನ್ನ ಮಾವನ ಮನೆ ಸೊರಬದ ಆಚೆ, ಗುಡವಿ ಪಕ್ಕದ ಹಳ್ಳಿ. ಹುಡುಗನ ಕಡೆಯವರನ್ನು ಈಸೂರಿನಿಂದ ಅಲ್ಲಿಗೆ ತಲುಪಿಸುವ ಜವಾಬ್ದಾರಿ ಹಿರಿಯಳಿಯನಾದ ನನ್ನದು.

“ರೀ, ಹೋದ ವರ್ಷ ಒಂದು ಸಂಬಂಧ ಕೂಡಿಬಂದು ತಪ್ಪಿಹೋಗಿದೆ. ಅಪ್ಪ ಇನ್ನೂ ಸುಧಾರಿಸ್ಕೊಂಡಿಲ್ಲ. ಇದು ಮುಗಿಯೋ ತನಕ ಆ ಕಾರಿಗೆ ಕೈ ಹಚ್ಚಬೇಡ್ರಿ.”

“ಅದಕ್ಕೇ ಕಣೇ ಹಚ್ತಿರೋದು! ಬೀಗರು ಬಾಣದ ಹಂಗೆ ಹೋಗಿ ಇಳಿಯಬೇಕು!”

ಕೆಲಸ ಶುರುವಾಯಿತು. ಡ್ರಿಲ್ ಮಷಿನ್ನಿಗೆ ಸಾಣೆಕಲ್ಲು ಸಿಕ್ಕಿಸಿ ನಾನೇ ಉಜ್ಜಿದೆ. ಮೂರು ಬಾಯಿ ಚೆನ್ನಾಗಿಯೇ ಅಗಲವಾದವು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಉತ್ಸಾಹ ಬಂದುಬಿಟ್ಟಿತ್ತು. “ಇನ್ನೊಂಚೂರು ಅಣ್ಣಾ” ಎಂದು ಖಾದರ್ ಹುರಿದುಂಬಿಸಿದ. ನಾನು ಇನ್ನೊಂಚೂರು ಉಜ್ಜಿದೆ. ಬಾಯಿಯ ಅಂಚು ಒಂದು ಕಡೆ ಜಿಪುಣನ ಮನೆಯ ದೋಸೆಯಂತೆ ತೆಳ್ಳಗಾಯಿತು. “ನಡೀತೈತೆ ಬಿಡ್ರಿ” ಎಂದ ಖಾದರ್.

ಇನ್ನು ಸೆರಾಮಿಕ್. ಶಿಕಾರಿಪುರದಲ್ಲಿ ಅದನ್ನು ಎಲ್ಲಿಂದ ತರುವುದು? ಸೆರಾಮಿಕ್ ಅಂದರೆ ಪಿಂಗಾಣಿ. ಪಿಂಗಾಣಿ ಅಂದರೆ ಉಪ್ಪಿನಕಾಯಿ ಭರಣಿ. ಭರಣಿ ನಮ್ಮ ಅಟ್ಟದ ಮೇಲಿತ್ತು! ಬಾಯಿ ಒಡೆದ ಹಳೆಯ ಭರಣಿ. ಅದನ್ನು ಕುಟ್ಟಿ ಪುಡಿ ಮಾಡಿ, ಗಿರಿಜಾಳ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ನಮ್ಮ ಅಂಗಡಿಯಲ್ಲೇ ಇದ್ದ ಬೆಂಕಿ ತಡೆಯುವ ಸಿಮೆಂಟಿಗೆ ಕಲಸಿ, ಮ್ಯಾನಿಫೋಲ್ಡಿಗೆ ಮೆತ್ತಿದೆವು.

“ಇದನ್ನ ಬೇಯಿಸಬೇಕಣ್ಣಾ” ಎಂದ ಖಾದರ್.

ಬೇಯಿಸಲು ಗೆಳೆಯ ಬಸಣ್ಣನ ಬೇಕರಿ ಇತ್ತು. ಬಸಣ್ಣ ಒಳ್ಳೆಯ ಮನುಷ್ಯ. ಒಲೆಯ ಬೂದಿ ಒಳಗೆ ಹೋದೀತೆಂದು ತಾನಾಗಿಯೇ ಮೈದಾಹಿಟ್ಟಿನ ಉಂಡೆ ಮಾಡಿ ಎಲ್ಲ ಬಾಯಿಗಳಿಗೂ ಗಿಡಿದ. ಬ್ರೆಡ್ಡುಗಳ ಜತೆಯಲ್ಲೇ ನಮ್ಮ ಮ್ಯಾನಿಫೋಲ್ಡೂ ಬೆಂದು, ಬೆಳ್ಳಗೆ ಹೊಳೆಯುತ್ತ ಹೊರಗೆ ಬಂತು. ಆ ದಿನದ ಬನ್ನುಗಳಿಗೆ ಏನೋ ವಿಶೇಷ ರುಚಿ ಇತ್ತಂತೆ. ಬಸಣ್ಣ ಯಾರಿಗೂ ಕಾರಣ ಹೇಳಲಿಲ್ಲ.

ಕಣ್ಣಿಗೆ ಕಂಡ ಹಿಟ್ಟನ್ನೆಲ್ಲ ಕೆದಕಿ ತೆಗೆದು ಕಾರಿಗೆ ಜೋಡಿಸಿದೆವು. ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಂದೆ. ಆಹಾ! ಕಾರು ಹಾರುತ್ತಿದೆ ಅನಿಸಿತು. ಅನಿಸಿಕೆಗೆ ಯಾರ ಅಡ್ಡಿಯಿದೆ?

ನಿಶ್ಚಿತಾರ್ಥದ ಬೆಳಗ್ಗೆ ಈಸೂರಿನಿಂದ ಹೊರಟೆವು. ಪಕ್ಕದಲ್ಲಿ ಹುಡುಗನ ದೊಡ್ಡಪ್ಪ. ಕಡಿಮೆ ಮಾತಿನ, ಹೆಚ್ಚು ಮೀಸೆಯ ಯಜಮಾನರು. ಹಿಂದೆ ಹುಡುಗ, ಗಿರಿಜಾ, ನಡುವೆ ಹುಡುಗನ ಅಜ್ಜಿ ಗಂಗಜ್ಜಿ. ಆ ಮನೆಯಲ್ಲಿ ಗಂಗಜ್ಜಿ ‘ಹ್ಞೂಂ’ ಅಂದರೆ ಮಾತ್ರ ಹ್ಞೂಂ.

ಸೊರಬ ಇನ್ನೂ ದೂರವಿತ್ತು. ಕಾರಿನಲ್ಲಿ ಒಂದು ಪರಿಮಳ ಎದ್ದಿತು. ಗಂಗಜ್ಜಿ ಮೂಗರಳಿಸಿದರು.

“ಯಾರೋ ಬ್ರೆಡ್ಡು, ಉಪ್ಪಿನಕಾಯಿ ತಂದೀರಿ. ಮುಚ್ಚಿಡಬ್ಯಾಡ್ರವ್ವಾ, ತೆಗೀರಿ ಆಚೆ! ಬೆಳಗ್ಗಿಂದ ನಾ ಏನೂ ತಿಂದಿಲ್ಲ.”

ಗಿರಿಜಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವಳಿಗೆ ಭರಣಿಯ ನೆನಪಾಗಿತ್ತು. ನಾನು ರಸ್ತೆ ನೋಡಿದೆ.

ಸೊರಬ ದಾಟಿದ ಮೇಲೆ ಶಬ್ದ ಶುರುವಾಯಿತು. ತೆಳ್ಳಗಾಗಿದ್ದ ಅಂಚು ಬಿಟ್ಟುಕೊಂಡಿತ್ತು. ಫಟ್! ಫಟ್! ಫಟಾರ್! ಗುಡವಿ ಕೆರೆಯ ಹತ್ತಿರ ಬಂದಾಗ ಮರಗಳ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು ಆಕಾಶವೇ ಬೆಳ್ಳಗಾಯಿತು.

“ಏನಿದು?” ಎಂದರು ದೊಡ್ಡಪ್ಪ. ಅದು ಅವರ ಮೊದಲ ಮಾತು.

“ಪೋರ್ಟಿಂಗ್ ಯಜಮಾನ್ರೇ. ಬೊಂಬಾಯಿ ಪದ್ಧತಿ” ಎಂದೆ.

ಬೊಂಬಾಯಿ ಪದ್ಧತಿಗೆ ಅಲ್ಲಿಗೆ ಆಯಸ್ಸು ಮುಗಿಯಿತು. ಕಾರು ಕೆಮ್ಮಿತು, ನಡುಗಿತು, ಕಪ್ಪು ಹೊಗೆ ಬಿಟ್ಟು ನಿಂತೇಬಿಟ್ಟಿತು. ಬಾನೆಟ್ ಎತ್ತಿದೆ. ಪಿಂಗಾಣಿ ಲೇಪ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು.

ಮುಹೂರ್ತ ಸಮೀಪಿಸುತ್ತಿತ್ತು. ದೊಡ್ಡಪ್ಪ ಮರದ ಕೆಳಗೆ ನಿಂತು ಮೀಸೆ ತಿರುವಿದರು. “ಹೊರಟ ಕೆಲಸ ನಡುದಾರೀಲಿ ನಿಂತ್ರೆ ಒಳ್ಳೇದಲ್ಲ ಅಂತಾರೆ” ಎಂದು ಗಂಗಜ್ಜಿಯ ಕಡೆ ನೋಡಿದರು. ಗಿರಿಜಾಳ ಕಣ್ಣಲ್ಲಿ ನೀರು. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಬಯ್ಯಲಿಲ್ಲ. ನನ್ನ ಹುಚ್ಚಿಗೆ ಶಾರದೆಯ ಬದುಕು ಸಿಕ್ಕಿಹಾಕಿಕೊಂಡಿತಲ್ಲ ಎಂದುಕೊಂಡು, ಯಾರಾದರೂ ಸಿಕ್ಕಾರೆಯೇ ಎಂದು ರಸ್ತೆಯ ಮಧ್ಯಕ್ಕೆ ಓಡಿದೆ.

ಆ ಕಡೆ ಹೊರಟಿದ್ದ ಸೈಕಲ್ಲಿನವನೊಬ್ಬನ ಹತ್ತಿರ ಮಾವನ ಮನೆಗೆ ಹೇಳಿ ಕಳಿಸಿದೆ. ಕಾದೆವು. ಕೊನೆಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಟ್ರೇಲರಿನಲ್ಲಿ ಜಮಖಾನ ಹಾಸಿತ್ತು. ಓಡಿಸುತ್ತಿದ್ದವರನ್ನು ನೋಡಿ ಗಿರಿಜಾ “ಅಯ್ಯೋ ಶಿವನೇ!” ಎಂದು ಬಾಯಿ ಮುಚ್ಚಿಕೊಂಡಳು.

ಶಾರದೆ! ತಲೆತುಂಬ ಮಲ್ಲಿಗೆ, ಕೈತುಂಬ ಹಸಿರು ಬಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಶ್ಚಿತಾರ್ಥದ ಹುಡುಗಿ ತಾನೇ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದಿದ್ದಳು.

“ಭಾವ, ಡ್ರೈವರ್ ಅಡುಗೆಯೋರನ್ನ ಕರ್ಕೊಂಡು ಬರೋಕೆ ಹೋಗಿದ್ದ. ಅಪ್ಪಂಗೆ ಕೈಕಾಲೇ ಆಡಲಿಲ್ಲ. ಅದಕ್ಕೆ ನಾನೇ ಬಂದೆ” ಎಂದಳು. ಆಮೇಲೆ ಹುಡುಗನನ್ನು ಕಂಡು ನಾಚಿದಳು. ಆದರೆ ಬ್ರೇಕು ಒತ್ತುವುದನ್ನು ಮರೆಯಲಿಲ್ಲ.

ದೊಡ್ಡಪ್ಪನ ಮೀಸೆ ನೆಟ್ಟಗಾಯಿತು. ಎಲ್ಲರೂ ಗಂಗಜ್ಜಿಯ ಮುಖ ನೋಡಿದೆವು. ಅಜ್ಜಿ ಟ್ರ್ಯಾಕ್ಟರ್ ನೋಡಿದರು, ಶಾರದೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ನಡುದಾರೀಲಿ ನಿಲ್ಲಿಸ್ದೋನು ಅವರ ಮನೆ ಅಳಿಯ. ಎತ್ಕೊಂಡು ಹೋಗೋಕೆ ಬಂದೋಳು ನಮ್ಮನೆ ಸೊಸೆ. ನಮಗೇನು ನಷ್ಟ? ಹತ್ತಸ್ರೋ ನನ್ನ!” ಎಂದರು.

ಅವತ್ತು ಗಂಗಜ್ಜಿಯ ಕಾಲು ಹಿಡಿದು ಟ್ರೇಲರಿಗೆ ಹತ್ತಿಸಿದ್ದು ನಾನೇ. ಬಿಟ್ಟರೆ ಹೊತ್ತುಕೊಂಡೇ ಹೋಗುತ್ತಿದ್ದೆ! ಕಾರನ್ನು ಹಗ್ಗದಲ್ಲಿ ಹಿಂದೆ ಕಟ್ಟಿದರು. ಎಲ್ಲರೂ ಜಮಖಾನದ ಮೇಲೆ ನಗುತ್ತ ಮಾತಾಡುತ್ತ ಹೋದರು. ಟರ್ಬೊದಲ್ಲಿ ನಾನೊಬ್ಬನೇ, ಗಂಭೀರವಾಗಿ ಸ್ಟೇರಿಂಗ್ ಹಿಡಿದು ಕೂತಿದ್ದೆ. ಮುಹೂರ್ತಕ್ಕೆ ಸರಿಯಾಗಿ ತಾಂಬೂಲ ಬದಲಾಯಿತು.

ಮಾರನೆಯ ದಿನ ಖಾದರ್ ಬಸ್ಸಿನಲ್ಲಿ ಬಂದು ಬಿಚ್ಚಿದ. ಟರ್ಬೊದ ಚಕ್ರಕ್ಕೆ ಕರ್ರಗೆ ಸುಟ್ಟ ಬ್ರೆಡ್ಡಿನ ಉಂಡೆ ಸಿಕ್ಕಿಕೊಂಡಿತ್ತು. ಬಸಣ್ಣ ಪ್ರೀತಿಯಿಂದ ಆಳಕ್ಕೆ ಗಿಡಿದದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

“ಬ್ರೆಡ್ಡಾಗಿದ್ದಕ್ಕೆ ಬಚಾವ್ ಅಣ್ಣಾ! ಕಬ್ಬಿಣ ಸಿಕ್ಕಿಕೊಂಡಿದ್ರೆ ಚಕ್ರ ಪುಡಿಪುಡಿ” ಎಂದ ಖಾದರ್, ತಾನೇ ಮುಂದಾಲೋಚನೆ ಮಾಡಿದ್ದನೆಂಬಂತೆ. ಶಿವಮೊಗ್ಗದಿಂದ ಬೇರೆ ಮ್ಯಾನಿಫೋಲ್ಡ್ ತರಿಸಿ ಹಾಕಿದೆವು. ಅದನ್ನು ಉಜ್ಜಲಿಲ್ಲ, ಅದಕ್ಕೆ ಏನನ್ನೂ ಬಳಿಯಲಿಲ್ಲ. ಕಾರು ನೆಟ್ಟಗೆ ಓಡಿತು.

ಮದುವೆ ಗಡದ್ದಾಗಿ ಆಯಿತು. ಬೀಗರನ್ನು ಕರೆತರುವ ಕೆಲಸ ನನಗೆ ಕೊಡಲಿಲ್ಲ. ಮಾವ ಬಹಳ ಯೋಚಿಸಿ, ಊಟದ ಬಾಳೆಲೆ ಒರೆಸುವ ಕೆಲಸ ವಹಿಸಿದರು. ನಾನೂ ಶ್ರದ್ಧೆಯಿಂದ ಒರೆಸುತ್ತ ಕೂತೆ. ಗಿರಿಜಾ ಎರಡು ಸಲ ಬಂದು ಇಣುಕಿ ನೋಡಿದಳು.

“ರೀ, ಒರೆಸಿ ಇಡ್ರಿ ಸಾಕು. ಇನ್ನೂ ಚೆನ್ನಾಗಿ ಮಾಡೋಕೆ ಹೋಗಬೇಡ್ರಿ!”